ಸುಟ್ಟ ವಾಸನೆ

ಮೂಗಿಗೆ ಸುಟ್ಟ ವಾಸನೆ ಬಡಿದದ್ದೇ ತಡ, ಡಾಕ್ಟರ ಕೈಯಲ್ಲಿದ್ದ ಕಾಗದದ ಲೋಟ ಜಾರಿ ಕಾಫಿಯೆಲ್ಲ ಬೂಟಿನ ಮೇಲೆ ಚೆಲ್ಲಿತು. ಅವರು ಅದನ್ನು ನೋಡಲೂ ಇಲ್ಲ. ಪಕ್ಕದಲ್ಲಿ ನಿಂತಿದ್ದ ಭಾವಮೈದನ ತೋಳನ್ನು ಗಟ್ಟಿಯಾಗಿ ಹಿಡಿದು, "ಏನೋ ಸುಟ್ಟ ವಾಸನೆ... ನಿಂಗೂ ಬರ್ತಿದ್ಯಾ?" ಎಂದು ಕೇಳಿದರು.

"ಬರ್ದೇ ಇರುತ್ತಾ ಭಾವ? ಅಲ್ನೋಡಿ, ಆ ಮಹಾರಾಯ ನಿಂತಲ್ಲೇ ಚಕ್ರ ತಿರುಗಿಸಿ ಟೈರ್ ಸುಡ್ತಿದಾನೆ!" ಎಂದು ಭಾವಮೈದ ನಕ್ಕ.

ಆ ತುದಿಯಲ್ಲಿ ಕಪ್ಪು ಕಾರೊಂದರ ಹಿಂದಿನಿಂದ ಬಿಳಿಯ ಹೊಗೆ ಬುಸುಬುಸು ಏಳುತ್ತಿತ್ತು. ಸುತ್ತ ನಿಂತವರು ಫೋನು ಎತ್ತಿಹಿಡಿದು ಕೇಕೆ ಹಾಕುತ್ತಿದ್ದರು. ಡಾಕ್ಟರು ಅಷ್ಟು ಹೊತ್ತು ಹಿಡಿದಿದ್ದ ಉಸಿರನ್ನು ಮೆಲ್ಲಗೆ ಬಿಟ್ಟರು. ಇನ್ನೊಬ್ಬರ ಮೂಗಿಗೂ ಬಂತೆಂದರೆ ಅದು ಹೊರಗಿನ ವಾಸನೆ. ಹೊರಗಿನದಾದರೆ ಹೆದರಬೇಕಾಗಿಲ್ಲ.

ವಿಮಾನಗಳು ಇಳಿಯುವುದನ್ನು ಬಿಟ್ಟು ಬಹಳ ವರ್ಷಗಳಾದ ಹಳೆಯ ರನ್‌ವೇ ಅದು. ಸೀಳುಗಳಲ್ಲಿ ಹುಲ್ಲು ಬೆಳೆದಿದ್ದರೂ ನಡುಭಾಗ ಇನ್ನೂ ನುಣ್ಣಗಿತ್ತು. ಕಾರಿನ ಹುಚ್ಚು ಹತ್ತಿದವರ ಕೂಟವೊಂದು ವರ್ಷಕ್ಕೊಮ್ಮೆ ಅನುಮತಿ ಪಡೆದು ಬೆಳಿಗ್ಗೆಯೇ ಅಲ್ಲಿ ಸೇರುತ್ತಿತ್ತು. ನೆಲಕ್ಕೆ ಅಂಟಿಕೊಂಡಂಥ ಕಾರುಗಳು ಸಾಲಾಗಿ ನಿಂತಿದ್ದವು. ಇಲ್ಲದ ಧೂಳನ್ನು ಮಾಲೀಕರು ಮೆತ್ತನೆ ಬಟ್ಟೆಯಿಂದ ಒರೆಸುತ್ತಿದ್ದರು. ಕೆಲವರು ಅಂಗಾತ ಮಲಗಿ ಫೋಟೋ ತೆಗೆಯುತ್ತಿದ್ದರು. ಎಲ್ಲೋ ಒಂದು ಎಂಜಿನ್ನು ಗುಡುಗಿದರೆ ಇಡೀ ಗುಂಪು ಆ ಕಡೆಗೆ ತಿರುಗುತ್ತಿತ್ತು.

ಡಾಕ್ಟರದು ನಿಂಬೆಹಣ್ಣಿನ ಬಣ್ಣದ್ದು. ಕೂಟದಲ್ಲಿ ಅವರಿಗೆ 'ನಿಂಬೆ ಡಾಕ್ಟ್ರು' ಎಂದೇ ಹೆಸರು. ಹುಡುಗನಾಗಿದ್ದಾಗ ಬೀರುವಿನ ಬಾಗಿಲ ಒಳಮೈಗೆ ಇಂಥ ಕಾರಿನ ಚಿತ್ರ ಅಂಟಿಸಿಕೊಂಡು, ಅಂಗಿ ತೆಗೆಯುವ ನೆಪದಲ್ಲಿ ಹತ್ತು ಸಲ ಬಾಗಿಲು ತೆರೆಯುತ್ತಿದ್ದ ಮನುಷ್ಯ. ತಲೆ ನರೆತ ಮೇಲೆ, ಯಾರೋ ಒಬ್ಬರು ಓಡಿಸಿ ಬಿಟ್ಟದ್ದನ್ನು ಕೊಂಡು ಮನೆ ಮುಂದೆ ತಂದು ನಿಲ್ಲಿಸಿದ್ದರು. ಅಂದು ಅವರ ಅತ್ತೆ ಜಗುಲಿಯಿಂದ ಇಳಿದು ಬಂದು, ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಏನಪ್ಪಾ ಇದು ಚಪ್ಪಲಿ ತರ ಇದೆ? ಹತ್ತಿ ಕೂರೋದೋ, ಕಾಲಿಗೆ ಹಾಕ್ಕೊಳ್ಳೋದೋ?" ಎಂದಿದ್ದರು. ಆ ಮಾತನ್ನು ಡಾಕ್ಟರು ತಮ್ಮ ಹಲ್ಲಿನ ದವಾಖಾನೆಯಲ್ಲಿ ರೋಗಿಗಳಿಗೆಲ್ಲ ಹೇಳಿ ನಗಿಸಿದ್ದರು. ಬಾಯಿ ತೆರೆದವರನ್ನು ನಗಿಸುವುದು ಅವರಿಗೊಂದು ಚಾಳಿ.

ಈಗ ಕೆಲವು ವಾರಗಳಿಂದ ಅವರ ನಗು ಗಂಟಲಲ್ಲೇ ನಿಲ್ಲುತ್ತಿತ್ತು.

ಮೊದಲ ಸಲ ಆದದ್ದು ಗಡ್ಡ ಹೆರೆಯುವಾಗ. ಕೂದಲು ಸುಟ್ಟಂಥ ವಾಸನೆ ಬಂತು. ಎಲ್ಲಿಂದ ಎಂದು ಮೂಗೆಳೆದುಕೊಂಡದ್ದು ನೆನಪಿದೆ. ಆಮೇಲೆ ನೋಡಿದರೆ ಕೆನ್ನೆಯ ಮೇಲಿನ ನೊರೆ ಒಣಗಿ ಬಿರಿದಿತ್ತು, ನಲ್ಲಿ ಸುರಿಯುತ್ತಿತ್ತು, ಹೊರಗಿನಿಂದ ಹೆಂಡತಿ ಬಾಗಿಲು ತಟ್ಟುತ್ತಿದ್ದಳು. ನಡುವಿನ ಹೊತ್ತು ಎಲ್ಲಿ ಹೋಯಿತೋ ತಿಳಿಯಲಿಲ್ಲ. ನಿದ್ದೆಗೆಟ್ಟದ್ದಕ್ಕೆ ಹೀಗೆ ಎಂದುಕೊಂಡರು. ಎರಡನೆಯದು ದವಾಖಾನೆಯಲ್ಲಿ. ಅದೇ ವಾಸನೆ. ಮರಳಿ ಎಚ್ಚರಾದಾಗ ಕುರ್ಚಿಯಲ್ಲಿ ಮಲಗಿದ್ದ ಹೆಂಗಸು ಬಾಯಿ ತೆರೆದುಕೊಂಡೇ ಕಣ್ಣರಳಿಸಿ ನೋಡುತ್ತಿದ್ದಳು. ಸಹಾಯಕಿ "ಸಾರ್, ಸಾರ್" ಎನ್ನುತ್ತಿದ್ದಳು. ಆಗ ಕೈಯಲ್ಲಿದ್ದದ್ದು ಪುಟ್ಟ ಕನ್ನಡಿ. ಇನ್ನೊಂದು ಚಣ ಕಳೆದಿದ್ದರೆ ಹಲ್ಲು ಕೊರೆಯುವ ಯಂತ್ರ ಇರುತ್ತಿತ್ತು. ಆ ರಾತ್ರಿ ಫೋನಿನಲ್ಲಿ ಹುಡುಕಿ 'ಮೂರ್ಛೆರೋಗ' ಎಂಬ ಪದ ಕಂಡದ್ದೇ, ಬಿಸಿ ಮುಟ್ಟಿದವರಂತೆ ಫೋನನ್ನು ಕೆಳಗಿಟ್ಟಿದ್ದರು.

ಮೂರನೆಯದು ಇವತ್ತು ಬೆಳಿಗ್ಗೆ. ಇಲ್ಲಿಗೆ ಬರುವ ದಾರಿಯಲ್ಲಿ, ಒಬ್ಬರೇ ಕಾರಿನಲ್ಲಿದ್ದಾಗ. ವಾಸನೆ ಬಂದ ಹಾಗಾಯಿತು. ಆಮೇಲೆ ಕೇಳಿಸಿದ್ದು ಹಿಂದಿನ ವಾಹನಗಳ ಹಾರ್ನು. ಕಾರು ಸಿಗ್ನಲ್ಲಿನಲ್ಲಿ ನಿಂತಿತ್ತು, ದೀಪ ಹಸಿರಾಗಿತ್ತು. ಯಾವ ಸಿಗ್ನಲ್ಲು, ಅಲ್ಲಿಗೆ ಹೇಗೆ ಬಂದರು, ಬ್ರೇಕು ಒತ್ತಿದ್ದು ಯಾವಾಗ, ಒಂದೂ ಗೊತ್ತಿಲ್ಲ. ಎದುರಿನ ಜೀಬ್ರಾ ಪಟ್ಟಿಯ ಮೇಲೆ ಒಬ್ಬಾಕೆ ಮಗುವಿನ ಗಾಡಿ ತಳ್ಳಿಕೊಂಡು ಹೋಗಿ ಆಚೆ ದಡ ಸೇರುತ್ತಿದ್ದಳು. ಅವಳ ಬೆನ್ನು ನೋಡಿ ಡಾಕ್ಟರ ಕೈಕಾಲು ತಣ್ಣಗಾದವು. ಉಳಿದ ದಾರಿಯನ್ನು ಅವರು ಎತ್ತಿನ ಗಾಡಿಯ ವೇಗದಲ್ಲಿ ಬಂದು ಮುಗಿಸಿದ್ದರು.

"ಯಾಕ್ರೀ ಮುಖ ಹೀಗಿದೆ?"

ಹೆಂಡತಿ ಎದುರಿಗೆ ನಿಂತಿದ್ದಳು. ತಾಯಿಯನ್ನು ಕರೆದುಕೊಂಡು ತಮ್ಮನ ಕಾರಿನಲ್ಲಿ ಬಂದಿದ್ದಳು. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಮಕ್ಕಳ ಸುಳ್ಳು ಹಿಡಿಯುವುದರಲ್ಲಿ ಎತ್ತಿದ ಕೈ.

"ಬಿಸಿಲು ಕಣೇ."

"ಎಲ್ಲಿದೆ ಬಿಸಿಲು? ಇನ್ನೂ ಸರಿಯಾಗಿ ಬೆಳಕೇ ಬಲಿತಿಲ್ಲ. ಕೈ ಯಾಕೆ ಇಷ್ಟು ತಣ್ಣಗಿದೆ?"

ಹೇಳಿಬಿಡಲೇ ಎನ್ನಿಸಿತು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಕಾರು ಓಡಿಸುವುದು ಬೇಡ ಎಂದರೆ ಯಾಕೆ ಎನ್ನುತ್ತಾಳೆ. ಯಾಕೆಂದು ಹೇಳಿದರೆ ದವಾಖಾನೆಯ ಮಾತು ಬರುತ್ತದೆ. ಒಂದು ಎಳೆ ಹಿಡಿದು ಜಗ್ಗಿದರೆ ಇಡೀ ಬಟ್ಟೆಯೇ ಬಿಚ್ಚಿಕೊಳ್ಳುವಂಥ ಸ್ಥಿತಿ. ಇಪ್ಪತ್ತೈದು ವರ್ಷ ಆ ಕುರ್ಚಿಯ ಪಕ್ಕ ನಿಂತ ಮನುಷ್ಯ ನಾಳೆ ಎಲ್ಲಿ ನಿಲ್ಲಬೇಕು?

"ಕಾಫಿ ಚೆಲ್ತು. ಅದಕ್ಕೇ..." ಎಂದರು.

ಅವಳು ಬೂಟು ನೋಡಿದಳು, ಮುಖ ನೋಡಿದಳು. ಇನ್ನೇನೋ ಕೇಳುವಷ್ಟರಲ್ಲಿ ಅತ್ತೆ ಬಂದರು. ಎಪ್ಪತ್ತು ದಾಟಿದ ಜೀವ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಿಯಾದವರು. ಮಗಳ ಮನೆಯಲ್ಲೇ ಇದ್ದರು. ಇಂದು ಹೊಸ ಸೀರೆ ಉಟ್ಟು, ಕಪ್ಪು ಕನ್ನಡಕ ಹಾಕಿಕೊಂಡು, ಬಿಳಿ ಕೂದಲು ಹಾರದಂತೆ ತಲೆಗೆ ಬಣ್ಣದ ಬಟ್ಟೆ ಬಿಗಿದಿದ್ದರು.

"ಅಳಿಯಂದ್ರೇ, ನಾನು ರೆಡಿ. ಚಪ್ಪಲಿ ಹಾಕ್ಕೊಳ್ಳೋಣ್ವಾ?"

ಕೂಟದಲ್ಲಿ ಅದೊಂದು ಹೊಸ ಏರ್ಪಾಟು: ಪ್ರತಿ ಮಾಲೀಕರೂ ಮನೆಯ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ರನ್‌ವೇಯ ಆ ತುದಿಗೆ ಹೋಗಿ ಬರುವುದು. ಭಾವಮೈದನೇ ಬಾವುಟ ಹಿಡಿದು ಒಂದೊಂದೇ ಕಾರನ್ನು ಬಿಡುವವನು. ಅಮ್ಮನ ಆಸೆ ಕೇಳಿ ಅವನೇ ಭಾವನ ಕಾರಿಗೆ ಅವರನ್ನು ಸೇರಿಸಿದ್ದ.

ಡಾಕ್ಟರು ಕೀಲಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು. "ಇವತ್ತು ಬೇಡ ಅತ್ತೆ. ಕ್ಲಚ್ಚು ಯಾಕೋ ಸರಿ ಇಲ್ಲ."

"ಕ್ಲಚ್ಚಾ? ಕೊಡಿ ಇಲ್ಲಿ," ಎಂದ ಭಾವಮೈದ ಕೀಲಿ ಕಿತ್ತುಕೊಂಡು ಹೋಗಿ, ಅಲ್ಲೇ ಒಂದು ಸುತ್ತು ಹಾಕಿ ತಂದು ನಿಲ್ಲಿಸಿದ. "ಬೆಣ್ಣೆ ಭಾವ, ಬೆಣ್ಣೆ! ಯಾವ ತೊಂದರೆನೂ ಇಲ್ಲ."

"ಹಾಗಾದ್ರೆ ನೀನೇ ಕರ್ಕೊಂಡು ಹೋಗು ಅವರನ್ನ."

"ಬಾವುಟ ಯಾರು ಹಿಡೀತಾರೆ?"

"ಇವನ ಜೊತೆ ನಾನು ಕೂರೋದಾ?" ಅತ್ತೆ ಕೈ ಆಡಿಸಿದರು. "ಸೈಕಲ್ ಕಲಿಯೋವಾಗ ಹಿಂದೆ ಕೂರಿಸ್ಕೊಂಡು ಹೋಗಿ ಚರಂಡಿಗೆ ಕೆಡವಿದ್ದ. ನಮ್ಮ ಅಳಿಯಂದ್ರ ಕೈಲಿ ಆದ್ರೆ ನನಗೆ ಧೈರ್ಯ. ಹಲ್ಲು ಕೀಳಿಸ್ಕೊಂಡಾಗಲೂ ನೋವಾಗ್ಲಿಲ್ಲ ನಂಗೆ."

ಸುತ್ತಲಿದ್ದವರು ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು. ಡಾಕ್ಟರಿಗೆ ಅತ್ತ ದರಿ, ಇತ್ತ ಪುಲಿ. ಬೆಳಿಗ್ಗೆಯಷ್ಟೇ ಬಂದು ಹೋಗಿದೆ, ಒಂದೇ ದಿನ ಎರಡು ಸಲ ಎಂದೂ ಬಂದಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಹೋಗಿ ಬರಲು ಎಷ್ಟು ಹೊತ್ತು? ನಡೆದಷ್ಟೇ ನಿಧಾನಕ್ಕೆ ಹೋದರಾಯಿತು. ಹೆಂಡತಿಯ ಕಣ್ಣು ತಮ್ಮ ಮೇಲೇ ಇರುವುದು ತಿಳಿದು ಅವರು ಬೇಗಬೇಗ ಕಾರಿನೊಳಗೆ ತೂರಿಕೊಂಡರು.

ಅತ್ತೆಯನ್ನು ಆ ತಗ್ಗು ಸೀಟಿನಲ್ಲಿ ಇಳಿಸಲು ಇಬ್ಬರು ಬೇಕಾದರು. ರೆಕ್ಕೆಯ ಹಾಗೆ ಮೇಲೆದ್ದಿದ್ದ ಬಾಗಿಲು ಇಳಿದು ಮುಚ್ಚಿಕೊಂಡಿತು. ಒಳಗೆ ಒಮ್ಮೆಗೇ ಸದ್ದಡಗಿತು. ಡಾಕ್ಟರು ಮೂಗೆಳೆದು ನೋಡಿದರು. ಚರ್ಮದ ವಾಸನೆ, ಅತ್ತೆಯ ಪೌಡರಿನ ವಾಸನೆ. ಬೇರೇನೂ ಇಲ್ಲ.

ಬಾವುಟ ಕೆಳಗಿಳಿಯಿತು. ಕಾರು ಹೊರಟಿತು.

"ಅಯ್ಯೋ, ನೆಲದ ಮೇಲೇ ಕೂತು ಹೋದ ಹಾಗಿದೆ!" ಅತ್ತೆ ಮಗುವಿನ ಹಾಗೆ ನಕ್ಕರು. "ನಿಮ್ಮ ಮಾವನೋರು ಇದ್ದಿದ್ರೆ, 'ಇಳಿಯೇ, ಹುಚ್ಚಿ' ಅಂತಿದ್ರು. ಅವರಿಗೆ ರಿಕ್ಷಾ ತಿರುಗಿದ್ರೂ ಭಯ. ಸ್ವಲ್ಪ ಜೋರಾಗೇ ಹೋಗಿ ಅಳಿಯಂದ್ರೇ, ಇದೇನು ಹೀಗೆ? ಹಿಂದೆ ಬರೋವ್ರು ಬೈಕೋತಾರೆ."

ಡಾಕ್ಟರು ಕನ್ನಡಿಯಲ್ಲಿ ನೋಡಿದರು. ತಮ್ಮ ನಂತರದ ಸರದಿಯ ಕಾರನ್ನು ಆಗಲೇ ಬಿಟ್ಟಾಗಿತ್ತು. ಹೊಗೆ ಎಬ್ಬಿಸಿದ್ದ ಆ ಕಪ್ಪು ಕಾರೇ. ಅದರ ಹಿಂದೆ ಇನ್ನೊಂದು. ಇಲ್ಲಿ ನಡೆದಷ್ಟು ನಿಧಾನಕ್ಕೆ ಹೋಗುವುದೂ ಅಪಾಯವೇ ಎಂದು ಆಗ ಹೊಳೆಯಿತು. ಕಾಲು ಒತ್ತಿದರು. ಎಂಜಿನ್ನು ಬೆನ್ನ ಹಿಂದೆ ಹೂಂಕರಿಸಿತು. ಎರಡೂ ಬದಿಯ ಹುಲ್ಲು ಹಸಿರು ಗೆರೆಯಾಯಿತು. ಅತ್ತೆ ಹೋ ಎಂದು ಕೂಗಿ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಅಷ್ಟರಲ್ಲಿ ವಾಸನೆ ಬಂತು.

ಡಾಕ್ಟರು ಮೊದಲು ನಂಬಲಿಲ್ಲ. ಟೈರ್ ಇರಬೇಕು. ಇಷ್ಟು ಜನ ಟೈರ್ ಸುಡುವಾಗ ಬಾರದೆ ಇರುತ್ತದೆಯೇ? ಆದರೆ ಕಿಟಕಿಗಳು ಮುಚ್ಚಿದ್ದವು.

"ಅತ್ತೆ, ಏನಾದ್ರೂ ಸುಟ್ಟ ವಾಸನೆ ಬರ್ತಿದ್ಯಾ ನಿಮಗೆ?"

ಅತ್ತೆ ಮೂಗರಳಿಸಿದರು. "ಇಲ್ವಲ್ಲ."

"ಸರಿಯಾಗಿ ನೋಡಿ ಅತ್ತೆ. ಕೂದಲು ಸುಟ್ಟ ಹಾಗೆ..."

"ಇಲ್ಲಪ್ಪಾ. ನನ್ನ ಮೂಗು ಇನ್ನೂ ಚೆನ್ನಾಗೇ ಇದೆ. ಏನೂ ಇಲ್ಲ."

ಇನ್ನು ತಮಗುಳಿದಿರುವುದು ಕೆಲವೇ ಚಣ. ಡಾಕ್ಟರು ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರು. ಬ್ರೇಕು ತುಳಿದರು. ಚಕ್ರ ಹುಲ್ಲಿಗೆ ಇಳಿದು ಕಾರು ಮೆತ್ತಗೆ ಕುಲುಕಿದ್ದು ತಿಳಿಯಿತು. ಸದ್ಯ, ದಾರಿಯಿಂದ ಆಚೆ ಬಂದೆ, ಎಂದುಕೊಂಡರು. "ಅತ್ತೆ, ನನಗೆ..." ಎಂದು ಬಾಯಿ ತೆರೆದರು.

"...ಲೈನಲ್ಲೇ ಇರಿ ಅಳಿಯಂದ್ರೇ. ಲೈನಲ್ಲೇ ಇರಿ. ಎಲ್ಲೂ ಹೋಗ್ಬೇಡಿ, ನಾನಿಲ್ಲೇ ಇದೀನಿ. ಹಲೋ? ಕೇಳಿಸ್ತಿದ್ಯಾ? ಲೈನಲ್ಲೇ ಇರಿ."

ದನಿ ಬಹಳ ದೂರದಿಂದ ಬರುತ್ತಿತ್ತು, ಆಮೇಲೆ ಹತ್ತಿರವಾಯಿತು. ಅತ್ತೆ ಎರಡೂ ಕೈಗಳಿಂದ ಅವರ ಮಣಿಕಟ್ಟು ಹಿಡಿದುಕೊಂಡಿದ್ದರು. ಕಪ್ಪು ಕನ್ನಡಕ ಕೆಳಗೆ ಬಿದ್ದಿತ್ತು. ಮುದುಕಿಯ ಕಣ್ಣುಗಳಲ್ಲಿ ನೀರು ತುಂಬಿದ್ದರೂ ದನಿ ಮಾತ್ರ ಒಂದೇ ಸಮನಾಗಿತ್ತು. ಸಿಡಿಲು ಬಡಿದ ಊರಿನವರಿಗೂ, ಹೆರಿಗೆ ಮನೆಯವರಿಗೂ ಒಂದು ಕಾಲದಲ್ಲಿ ಎಕ್ಸ್‌ಚೇಂಜಿನಿಂದ ಹೀಗೇ ಮಾತಾಡಿದ್ದಿರಬೇಕು.

"ಏನಾಯ್ತು?" ಡಾಕ್ಟರ ನಾಲಿಗೆ ದಪ್ಪಗಾಗಿತ್ತು.

"ಏನಾಯ್ತು ಅಂತ ನೀವು ಹೇಳ್ಬೇಕು. ಕರೆದ್ರೆ ಓ ಅನ್ನಲ್ಲ. ಕಣ್ಣು ತೆರ್ದೇ ಇತ್ತು. ಏನೋ ತಿಂತಿರೋ ಹಾಗೆ ಬಾಯಿ ಚಪ್ಪರಿಸ್ತಾ ಇದ್ರಿ. ಮೊದಲು ತಮಾಷೆ ಮಾಡ್ತಿದೀರಿ ಅಂದ್ಕೊಂಡೆ." ಅತ್ತೆ ಉಸಿರೆಳೆದುಕೊಂಡರು. "ಈ ಹಾಳು ಬಾಗಿಲು ಹೇಗೆ ತೆಗೀಬೇಕೂಂತ ಗೊತ್ತಾಗ್ಲಿಲ್ಲ. ಅವು ಬಂದವು ನೋಡಿ, ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ! ಕಾರು ಹೀಗೆ ಅಲ್ಲಾಡಿಹೋಯ್ತು."

"ಈ ಕಡೆಯಿಂದ ಹೇಗೆ ಬರತ್ತೆ? ಇದು ಹುಲ್ಲಲ್ವಾ?"

ಡಾಕ್ಟರು ಗಾಜಿನಾಚೆ ನೋಡಿದರು. ಹುಲ್ಲು ದೂರದಲ್ಲಿತ್ತು. ಕಾರು ರನ್‌ವೇಯ ನಟ್ಟನಡುವೆ, ಮಾಸಿದ ಬಿಳಿ ಗೆರೆಯ ಮೇಲೆ, ಸ್ವಲ್ಪ ಓರೆಯಾಗಿ ನಿಂತಿತ್ತು. ಎಡಕ್ಕೂ ಬಲಕ್ಕೂ ಟೈರಿನ ಹೊಸ ಕರಿ ಗುರುತುಗಳು ಅವರ ಕಾರನ್ನು ತಪ್ಪಿಸಿಕೊಂಡು ಬಳಸಿ ಹೋಗಿದ್ದವು. ಎಡಗಡೆಯದು ಎಷ್ಟು ಹತ್ತಿರದಲ್ಲಿತ್ತೆಂದರೆ, ಅತ್ತೆ ಬಾಗಿಲು ತೆಗೆದು ಕಾಲಿಟ್ಟಿದ್ದರೆ ಅದರ ಮೇಲೇ ಇಡಬೇಕಿತ್ತು.

ತಿರುಗಿಸಿದ ಸ್ಟೀರಿಂಗು, ಚಕ್ರ ಹುಲ್ಲಿಗಿಳಿದ ಆ ಮೆತ್ತನೆ ಕುಲುಕು, ಎಲ್ಲ ಇನ್ನೂ ಕೈಯಲ್ಲಿ ಮೈಯಲ್ಲಿ ಹಸಿಯಾಗಿ ನೆನಪಿತ್ತು. ಬ್ರೇಕು ತುಳಿದದ್ದೊಂದನ್ನು ಬಿಟ್ಟರೆ ಅದ್ಯಾವುದೂ ನಡೆದಿರಲಿಲ್ಲ. ಡಾಕ್ಟರು ತಮ್ಮ ಎರಡು ಅಂಗೈಗಳನ್ನು ಯಾರದೋ ವಸ್ತುವೆಂಬಂತೆ ನೋಡಿಕೊಂಡರು. ಹಲ್ಲುಗಳು ಕಟಕಟ ಎನ್ನತೊಡಗಿದವು. ಎಷ್ಟು ಬಿಗಿಹಿಡಿದರೂ ನಿಲ್ಲಲಿಲ್ಲ.

ಭಾವಮೈದ ಬಾವುಟ ಹಿಡಿದುಕೊಂಡೇ ಓಡಿ ಬಂದ. ಹಿಂದೆಯೇ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೆಂಡತಿ. ಅವಳ ಹಿಂದೆ ಇನ್ನೊಂದಷ್ಟು ಜನ. ಬಾಗಿಲು ಮೇಲೆದ್ದಿತು.

"ಏನ್ ಭಾವ ಇದು! ನಡು ದಾರೀಲಿ ನಿಲ್ಲಿಸೋದಾ? ಜೀವ ಹೋಗಿ ಬಂತು! ಆ ಕಪ್ಪು ಕಾರಿನೋನು ಬ್ರೇಕ್ ಹಾಕದೆ ಇದ್ದಿದ್ರೆ..." ಅವನ ಮುಖ ಸುಣ್ಣ ಬಳಿದಂತಾಗಿತ್ತು.

ಡಾಕ್ಟರು ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದರು. "ಅವರಿಗ್ಯಾಕೋ ಬೈತೀಯ? ನಂಗೇ ತಲೆ ಗಿರ್ರಂತು. ನಿಲ್ಲಿಸಿ ನಿಲ್ಲಿಸಿ ಅಂತ ನಾನೇ ಕೂಗಿದ್ದು. ಮುದುಕಿ ಕೈಯಲ್ಲಿ ಆಗದ ಕೆಲಸಕ್ಕೆ ಬಂದದ್ದು ನನ್ನ ತಪ್ಪು."

"ಅಮ್ಮಾ, ಬೇಡ ಅಂತ ನಿಂಗೆ ಮನೇಲೇ ಹೇಳ್ದೆ ನಾನು!" ಎಂದಳು ಮಗಳು.

"ಹೂಂ, ಹೇಳ್ದೆ. ಈಗ ಎತ್ತು ನನ್ನ."

ಹೇಳುತ್ತಲೇ ಅತ್ತೆ ಅಳಿಯನ ಮಣಿಕಟ್ಟನ್ನು ಒಮ್ಮೆ ಒತ್ತಿ ಬಿಟ್ಟರು. ಯಾರಿಗೂ ಅನುಮಾನ ಬರಲಿಲ್ಲ. ಬಂದವರೆಲ್ಲ, "ವಯಸ್ಸಾದೋರಲ್ವಾ, ಪಾಪ," "ನೀರು ಕೊಡಿ, ನೀರು ಕೊಡಿ," ಎನ್ನುತ್ತಿದ್ದರು. ಒಬ್ಬ ಡಾಕ್ಟರ ಭುಜ ತಟ್ಟಿ, "ಒಳ್ಳೆ ಕೆಲಸ ಮಾಡಿದ್ರಿ ಸಾರ್, ಅವರ ಜೀವ ಮುಖ್ಯ," ಎಂದ. ದಾರಿ ಎಷ್ಟು ಸಲೀಸಾಗಿತ್ತು! ಮಾತಾಡದೆ ಇದ್ದರೆ ಸಾಕು. ನಾಳೆ ಬೆಳಿಗ್ಗೆ ಎಂದಿನಂತೆ ಬಿಳಿ ಕೋಟು, ಎಂದಿನಂತೆ ಕುರ್ಚಿ. ಮೊದಲ ರೋಗಿ ಬಾಯಿ ತೆರೆಯುತ್ತಾನೆ. ಕೊರೆಯುವ ಯಂತ್ರ ಅವನ ನಾಲಿಗೆಯ ಪಕ್ಕ ಇಳಿಯುತ್ತದೆ. ಅದನ್ನು ಮೇಲೆತ್ತಿದೆ ಎಂದು ನಾನು ಅಂದುಕೊಂಡಿರುತ್ತೇನೆ...

"ಅತ್ತೆಗಲ್ಲ," ಎಂದರು ಡಾಕ್ಟರು.

ಯಾರಿಗೂ ಕೇಳಿಸಲಿಲ್ಲ. ಹೆಂಡತಿಗೆ ಮಾತ್ರ ಕೇಳಿಸಿತು. ಅವಳು ಕಾರಿನ ಪಕ್ಕದಲ್ಲಿ ಮಂಡಿಯೂರಿ ಕುಳಿತಳು.

"ತಲೆ ತಿರುಗಿದ್ದು ಅತ್ತೆಗಲ್ಲ ಕಣೇ. ನನಗೆ. ಎಚ್ಚರ ತಪ್ಪತ್ತೆ. ಬಿದ್ದು ಹೋಗಲ್ಲ, ಸುಮ್ನೆ... ಇರಲ್ಲ ನಾನು."

ಭಾವಮೈದ ಅರೆನಗುವಿನಲ್ಲಿ, "ಭಾವ, ಇದು ಜೋಕ್ ಮಾಡೋ ಹೊತ್ತಲ್ಲ," ಎಂದ. ಅಕ್ಕನ ಮುಖ ನೋಡಿದ. ಕೈಯಲ್ಲಿದ್ದ ಬಾವುಟವನ್ನು ಏನು ಮಾಡಬೇಕೆಂದು ತಿಳಿಯದೆ ಸುತ್ತತೊಡಗಿದ.

"ಎಷ್ಟು ಸಲ ಆಗಿದೆ?" ಹೆಂಡತಿ ಕೇಳಿದಳು.

"ನನಗೆ ಗೊತ್ತಿರೋ ಹಾಗೆ ನಾಲ್ಕು. ಗೊತ್ತಿಲ್ಲದ್ದು ಎಷ್ಟೋ."

"ದವಾಖಾನೇಲಿ?"

ಡಾಕ್ಟರು ಹೌದೆಂದು ತಲೆಯಾಡಿಸಿದರು. ಬೈಯುತ್ತಾಳೆಂದು ಕಾದರು. ಬೈದಿದ್ದರೆ ಚೆನ್ನಾಗಿತ್ತು. ಅವಳು ಅವರ ಸೀಟುಪಟ್ಟಿಯ ಗುಂಡಿ ಒತ್ತಿ ಬಿಚ್ಚಿ, "ಇಳೀರಿ," ಎಂದಳು. "ನನ್ನ ಹೆಗಲು ಹಿಡ್ಕೊಳ್ಳಿ. ಮೆಲ್ಲಗೆ."

ಹುಲ್ಲಿನ ಅಂಚಿನಲ್ಲಿ ಯಾರೋ ಪ್ಲಾಸ್ಟಿಕ್ ಕುರ್ಚಿಗಳನ್ನು ತಂದಿಟ್ಟರು. ಡಾಕ್ಟರು ಒಂದರಲ್ಲಿ ಕುಳಿತರು, ಅತ್ತೆ ಇನ್ನೊಂದರಲ್ಲಿ. ಭಾವಮೈದ ನಿಂಬೆ ಬಣ್ಣದ ಕಾರನ್ನು ಸದ್ದಿಲ್ಲದಂತೆ ಓಡಿಸಿಕೊಂಡು ಹೋಗಿ ಸಾಲಿನ ಕೊನೆಯಲ್ಲಿ ನಿಲ್ಲಿಸಿದ. ಹೆಂಡತಿ ಸ್ವಲ್ಪ ದೂರದಲ್ಲಿ ಬೆನ್ನು ಹಾಕಿ ನಿಂತು ಫೋನಿನಲ್ಲಿ ಯಾರೋ ನರರೋಗದ ವೈದ್ಯರನ್ನು ವಿಚಾರಿಸುತ್ತಿದ್ದಳು. "ಇಲ್ಲ, ನಾಳೆ ಅಲ್ಲ, ಇವತ್ತೇ," ಎನ್ನುವುದು ಎರಡು ಸಲ ಕೇಳಿಸಿತು. ಸುದ್ದಿ ತಲುಪದ ಆ ತುದಿಯಲ್ಲಿ ಮತ್ತೆ ಕೇಕೆ, ಮತ್ತೆ ಎಂಜಿನ್ನಿನ ಗುಡುಗು.

"ಸುಳ್ಳು ಹೇಳಿದ್ದಕ್ಕೆ ಸಿಟ್ಟಾ?" ಅತ್ತೆ ಮೆಲ್ಲಗೆ ಕೇಳಿದರು.

"ಇಲ್ಲ ಅತ್ತೆ."

"ನಂಗೂ ಭಯ ಆಗಿತ್ತು ಅಳಿಯಂದ್ರೇ. ಏನು ಹೇಳ್ಬೇಕೋ ತಿಳೀಲಿಲ್ಲ."

ಅಷ್ಟರಲ್ಲಿ ಕೂಟದವರಲ್ಲೇ ಒಬ್ಬ, ದಪ್ಪ ಮೀಸೆಯ ಅಕ್ಕಿ ವ್ಯಾಪಾರಿ, ಕೆನ್ನೆ ಹಿಡಿದುಕೊಂಡು ಹುಡುಕುತ್ತ ಬಂದ. "ಇಲ್ಲಿದೀರಾ ಡಾಕ್ಟ್ರೇ! ತಾಯಿಗೆ ತಲೆಸುತ್ತು ಬಂತಂತೆ, ಈಗ ಪರವಾಗಿಲ್ವಾ? ನೀವು ಸಿಕ್ಕಿದ್ದೇ ಒಳ್ಳೇದಾಯ್ತು. ಮೂರು ದಿನದಿಂದ ನಿದ್ದೆ ಇಲ್ಲ. ಸುಮ್ನೆ ಒಂದ್ಸಲ ನೋಡ್ಬಿಡಿ," ಎಂದವನೇ ಒಪ್ಪಿಗೆಗೂ ಕಾಯದೆ ಬಗ್ಗಿ ಬಾಯಿ ಅಗಲಿಸಿದ.

ಡಾಕ್ಟರ ಬಲಗೈ ಅಭ್ಯಾಸಬಲದಿಂದ ಮೇಲೆದ್ದಿತು. ಅರ್ಧಕ್ಕೆ ನಿಂತಿತು. ಅದನ್ನು ಇಳಿಸಿ, ಎರಡೂ ಅಂಗೈಗಳನ್ನು ತೊಡೆಗಳ ಕೆಳಗೆ ಸೇರಿಸಿಕೊಂಡು, ಕತ್ತು ಮಾತ್ರ ಮುಂದೆ ಚಾಚಿ ನೋಡಿದರು.

"ಎಡಗಡೆ, ಕೊನೇದು. ಬೇರಿನವರೆಗೂ ಹುಳುಕಾಗಿದೆ. ಬಿಡಬೇಡಿ," ಎಂದರು. ಆಮೇಲೆ ತಮ್ಮ ದವಾಖಾನೆಯ ಎದುರು ಸಾಲಿನಲ್ಲೇ ಇದ್ದ, ತಾವು ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಇನ್ನೊಬ್ಬ ಹಲ್ಲಿನ ಡಾಕ್ಟರ ಗುರುತು ಹೇಳಿದರು. "ಅವರ ಹತ್ರ ಹೋಗಿ. ಕೈ ಚೆನ್ನಾಗಿದೆ."

ಆತ ಅರ್ಥವಾಗದೆ ಹಾಗೇ ಬಗ್ಗಿ ನಿಂತಿದ್ದ, ಬಾಯಿ ಮುಚ್ಚುವುದನ್ನೂ ಮರೆತು. ಆಗಷ್ಟೇ ಬಲಿತ ಬಿಸಿಲು ಒಳಗಿನವರೆಗೂ ಬಿದ್ದು, ಹಿಂದಿನ ಹಲ್ಲುಗಳು ಒದ್ದೆಯಾಗಿ ಹೊಳೆಯುತ್ತಿದ್ದವು.